ಉಪ್ಪುನೀರು ಕುಡಿದ ಇಂಜಿನ್ನು

ನನ್ನ ಅತ್ತಿಗೆ ಪೆರಿನಾಗೆ ತವರಿನಿಂದ ಬಂದದ್ದು ಒಂದಿಷ್ಟು ಆಲಿವ್ ಮರಗಳು. ಮದುವೆಯಾದ ಮರುವರ್ಷವೇ ಅವನ್ನೆಲ್ಲ ಮಾರಿ, ನನ್ನಣ್ಣ ಲುಕ್ಷಾನ ಮೀನುದೋಣಿಗೆ ಹಳೆಯದೊಂದು ಡೀಸೆಲ್ ಇಂಜಿನ್ನು ತಂದಳು. ನಮ್ಮಮ್ಮ ಊರಿಗೆಲ್ಲ ಕೇಳಿಸುವಂತೆ, "ಮರ ಮಾರಿ ತುಕ್ಕು ಕೊಂಡ್ಕೊಂಡು ಬಂದ್ಳು ನನ್ ಸೊಸೆ. ನಾಳೆ ಮೀನಿನ ಮೇಲೆ ಆಲಿವ್ ಎಣ್ಣೆ ಬದ್ಲು ಡೀಸೆಲ್ ಸುರೀತಾಳೆ, ತಿನ್ನಿ" ಎಂದಳು.

ಅದು ಒಂದೇ ಸಿಲಿಂಡರಿನ, ಸೊಂಟದೆತ್ತರದ, ಹಸಿರು ಬಣ್ಣದ ಇಂಜಿನ್ನು. ಪೆರಿನಾ ಆ ಚಳಿಗಾಲವೆಲ್ಲ ಕಮ್ಮಾರ ಕುಜ್ಮಾನ ಕೊಟ್ಟಿಗೆಯಲ್ಲಿ ಕೂತು, ಅವನ ಜೊತೆ ಅದನ್ನು ಪೂರ್ತಿ ಬಿಚ್ಚಿ ಜೋಡಿಸಿದಳು. ಕುಜ್ಮಾ ನಮ್ಮೆಲ್ಲರಿಗೂ ಹಿರಿಯ. ದ್ವೀಪದಲ್ಲಿ ಹಿರಿಯ ಗಂಡಸರನ್ನು ಕರೆಯುವ ಹಾಗೆ ಅವನನ್ನು ಬಾರ್ಬಾ ಕುಜ್ಮಾ ಎನ್ನುತ್ತಿದ್ದೆವು. ಆ ಇಂಜಿನ್ನನ್ನು ರೂಪಿಸಿದವನು ಒಮ್ಮೆಯಾದರೂ ದೋಣಿಯ ತಳದಲ್ಲಿ ಮಂಡಿಯೂರಿ ಬೈದುಕೊಳ್ಳುತ್ತಾ ಕೆಲಸ ಮಾಡಿದವನೇ ಇರಬೇಕು ಎಂದು ಪೆರಿನಾ ಹೇಳುತ್ತಿದ್ದಳು. ಅದರ ಹೊಟ್ಟೆಯ ಬದಿಗೆ ಕೈ ತೂರುವಷ್ಟು ದೊಡ್ಡ ಕಿಟಕಿ ಇತ್ತು. ಮುಚ್ಚಳ ತೆಗೆದರೆ ಸಾಕು, ಇಂಜಿನ್ನನ್ನು ದೋಣಿಯಿಂದ ಎತ್ತದೆಯೇ ಒಳಗಿನ ಬೇರಿಂಗ್ ಬಿಚ್ಚಬಹುದಿತ್ತು. ಸವೆದ ಸಿಲಿಂಡರಿನ ಒಳಗೋಡೆಯನ್ನು ಹಳೇ ಬಳೆಯಂತೆ ಕಳಚಿ ಹೊಸದನ್ನು ಕೂರಿಸಬಹುದಿತ್ತು. ಬ್ಯಾಟರಿ ಇಲ್ಲ, ತಂತಿ ಇಲ್ಲ. ಗಟ್ಟಿಯಾಗಿ ಹ್ಯಾಂಡಲ್ ತಿರುಗಿಸುವ ಒಂದು ತೋಳಿದ್ದರೆ ಆಯಿತು.

ಆ ತೋಳು ಪೆರಿನಾಳದು. ಲುಕ್ಷಾನ ಬಲಭುಜಕ್ಕೆ ಯುದ್ಧದಲ್ಲಿ ಗುಂಡು ಹೊಕ್ಕು, ಕೈ ಹೆಗಲಿನ ಮೇಲಕ್ಕೆ ಏಳುತ್ತಿರಲಿಲ್ಲ. ಅವನು ಚುಕ್ಕಾಣಿ ಹಿಡಿಯುವವನು, ಅವಳು ಇಂಜಿನ್ನು ಎಬ್ಬಿಸುವವಳು. "ಗಂಡ ಎಲ್ಲಿಗಾದ್ರೂ ಓಡಿಹೋಗ್ಬೇಕಂದ್ರೂ ಹೆಂಡ್ತೀನೇ ಹ್ಯಾಂಡಲ್ ಹೊಡೀಬೇಕು ನೋಡು" ಎಂದು ಬಂದರಿನಲ್ಲಿ ನಗುತ್ತಿದ್ದರು. ಆಗ ಅದು ಬರೀ ತಮಾಷೆ.

1954ರ ಶರತ್ಕಾಲ. ಅವರ ಒಬ್ಬಳೇ ಮಗಳು ನೆವೆಂಕಾಗೆ ಮೈಯೆಲ್ಲ ದಡಾರ ಎದ್ದಿತ್ತು. ಒಂದು ಸಂಜೆ ಲುಕ್ಷಾ, "ನೀನು ಮಗೂ ಹತ್ರ ಇರು, ನಾನೊಬ್ನೇ ಹೋಗಿ ಬರ್ತೀನಿ" ಎಂದ. ನಮ್ಮಪ್ಪ ಬಂದರಿಗೆ ಹೋಗಿ, ಏದುಸಿರು ಬಿಡುತ್ತಾ ಎರಡು ಮೂರು ಸಲ ಯತ್ನಿಸಿ ಹ್ಯಾಂಡಲ್ ತಿರುಗಿಸಿ ಕೊಟ್ಟ. ದೋಣಿ ಹೋಯಿತು. ಮಾರನೆಯ ದಿನ ದಕ್ಷಿಣದ ಬಿಸಿಗಾಳಿ ಎದ್ದು, ಕಡಲು ಗೋಡೆ ಗೋಡೆಯಾಗಿ ಬಂತು. ಗಾಳಿ ಇಳಿದ ಮೇಲೆ ಸಿಗಡಿ ಹಿಡಿಯುವವರು ದ್ವೀಪದ ಬೆನ್ನಿನ ಕಡೆಯ ಬಂಡೆಗಳ ನಡುವೆ ದೋಣಿಯನ್ನು ಕಂಡರು. ಹಿಂಭಾಗ ಒಡೆದು, ಅಂಚಿನವರೆಗೂ ನೀರು ತುಂಬಿತ್ತು. ಲುಕ್ಷಾ ಇರಲಿಲ್ಲ.

ನಾವು ಅಳುವುದಕ್ಕೆ ಮೊದಲೇ ಪೊಲೀಸರು ಬಂದರು. ಠಾಣೆಯ ಮುಖ್ಯಸ್ಥ ಓಬ್ರಾದ್, ಬೆಟ್ಟದ ನಾಡಿನವನು. ಕಡಲು ಕಂಡರೆ ಅವನಿಗೆ ಹೊಟ್ಟೆ ತೊಳೆಸುತ್ತಿತ್ತು. ದೇಶ ಬಿಟ್ಟು ಹೋಗುವುದೇ ಅಪರಾಧವಾಗಿದ್ದ ಕಾಲ; ಆದರೂ ಆ ವರ್ಷ ಎಷ್ಟೋ ಜನ ದೋಣಿ ಹತ್ತಿ ಎದುರು ದಡದ ಇಟಲಿಗೆ ಓಡಿಹೋಗಿದ್ದರು. ಮೇಲಿನವರು ಅವನನ್ನು ದಿನಾ ಬೈಯುತ್ತಿದ್ದರು.

"ನಿನ್ ಗಂಡ ಮುಳುಗಿಲ್ಲ ಕಾಮ್ರೇಡ್ ಪೆರಿನಾ" ಎಂದ ಅವನು. "ಇಟಲಿಯೋರ ಹಡಗು ಹತ್ತಿ, ದೋಣಿ ಬಿಟ್ಟು ಹೋಗಿದಾನೆ. ಈಗ ಅಲ್ಲಿನ ಬಾರಿ ಪಟ್ಟಣದಲ್ಲಿ ಕೂತು ಮ್ಯಾಕರೋನಿ ತಿಂತಿದಾನೆ."

"ನಿಮ್ ಬಾಯಿಗೆ ಸಕ್ಕರೆ ಹಾಕ" ಎಂದಳು ಪೆರಿನಾ. ಅವನಿಗೆ ಅದು ಬೈಗುಳವೋ ಹರಕೆಯೋ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ತಿಳಿಯಲಿಲ್ಲ.

ಅಂದೇ ಅಪ್ಪನನ್ನು ಹಿಡಿದರು. ಓಡಿಹೋಗುವವನಿಗೆ ಇಂಜಿನ್ನು ಎಬ್ಬಿಸಿ ಕೊಟ್ಟವನು ಅವನೇ ಅಲ್ಲವೇ? ಎಪ್ಪತ್ತು ದಾಟಿದ ಗೂರಲು ರೋಗಿ. ಜೈಲಿದ್ದ ಸ್ಪ್ಲಿಟ್ ಪಟ್ಟಣಕ್ಕೆ ಹೋಗುವ ಹಡಗಿನ ಏಣಿ ಹತ್ತಲಾರದೆ ನಡುವೆ ಕೂತುಬಿಟ್ಟ. ಇಬ್ಬರು ಪೊಲೀಸರು ಕಂಕುಳಿಗೆ ಕೈಹಾಕಿ ಎಳೆದುಕೊಂಡರು. ಅವನು ಹಿಂತಿರುಗಿ, "ಯೆಲ್ಕಾ, ನನ್ ಉಣ್ಣೆ ಅಂಗಿ" ಎಂದು ಕೂಗಿದ. ಅಂಗಿ ತರಲು ನಾನು ಮನೆಗೆ ಓಡಿ ಬರುವಷ್ಟರಲ್ಲಿ ಹಡಗು ಬಿಟ್ಟಿತ್ತು.

ದೋಣಿಯನ್ನು ಬಂದರಿಗೆ ಎಳೆತಂದು, ಇಂಜಿನ್ನನ್ನು ಕುಜ್ಮಾನ ಕೊಟ್ಟಿಗೆಯಲ್ಲಿ ಇಳಿಸಿದರು. ಪಾದ್ರಿ ಪ್ರಾರ್ಥನೆಗೆ ಕರೆದರು, ಅಕ್ಕಪಕ್ಕದವರು ಕಪ್ಪು ಬಟ್ಟೆ ತಂದರು. ಪೆರಿನಾ ಯಾವುದಕ್ಕೂ ತಿರುಗಿ ನೋಡಲಿಲ್ಲ. ಅವಳು ನಮ್ಮ ತೊಟ್ಟಿಯ ಸಿಹಿನೀರನ್ನು ಕೊಡಗಟ್ಟಲೆ ಹೊತ್ತು ತಂದು ಇಂಜಿನ್ನಿನೊಳಗೆ ಸುರಿಯುತ್ತಿದ್ದಳು.

"ಅತ್ತಿಗೆ, ಕುಡಿಯೋ ನೀರು ಕಣೇ ಅದು!"

"ಉಪ್ಪು ಯಾರಿಗೂ ಕಾಯಲ್ಲ, ಯೆಲ್ಕಾ. ಗಾಳಿ ಕಂಡ ತಕ್ಷಣ ಕಬ್ಬಿಣ ತಿನ್ನೋಕೆ ಶುರು ಮಾಡುತ್ತೆ. ಹೋಗು, ಇನ್ನೊಂದು ಕೊಡ ತಾ."

ತಳದ ಬಿರಡೆ ತೆಗೆದಾಗ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗೆ ಇಳಿಯಿತು. ನೀರಾದ ಮೇಲೆ ಸೀಮೆಎಣ್ಣೆ, ಸೀಮೆಎಣ್ಣೆಯಾದ ಮೇಲೆ ಡೀಸೆಲ್ ಹುಯ್ದು ತೊಳೆದಳು. ಗಂಡ ಎಲ್ಲಿದ್ದಾನೋ ಗೊತ್ತಿಲ್ಲ, ಮಾವ ಜೈಲಿನಲ್ಲಿ, ಮಗಳ ಮೈ ಕೆಂಡ. ಇವಳ ಕೈ ಮಾತ್ರ ಒಂದು ಗಳಿಗೆ ಸುಮ್ಮನಿರಲಿಲ್ಲ. ಕೈ ನಿಂತರೆ ಕುಸಿದು ಬೀಳುತ್ತಾಳೆಂದು ನನಗೆ ಕಾಣುತ್ತಿತ್ತು.

ಕುಜ್ಮಾನ ಬಾಯಿ ಹಾಳಾದದ್ದು. ವೈನಿನ ಅಂಗಡಿಯಲ್ಲಿ ಅವನು ಎಲ್ಲರೆದುರು ಹೇಳಿಬಿಟ್ಟ: "ಮುಳುಗಿದ್ನೋ ಓಡಿದ್ನೋ ಅಂತ ತಲೆ ಕೆಡಿಸ್ಕೊಳ್ಳೋದ್ಯಾಕೆ? ಇಂಜಿನ್ನೇ ಹೇಳುತ್ತೆ. ಓಡ್ತಾ ಇರೋ ಇಂಜಿನ್ನು ನೀರು ಕುಡಿದ್ರೆ ಪಿಸ್ಟನ್ನು ಮೇಲೆ ಹೋಗೋಕೆ ಜಾಗ ಇಲ್ದೆ ಅದನ್ನ ತಳ್ಳೋ ಕನೆಕ್ಟಿಂಗ್ ರಾಡು ಸೌತೆಕಾಯಿ ಥರ ಬಗ್ಗಿಬಿಡುತ್ತೆ. ಮೊದ್ಲೇ ನಿಲ್ಸಿದ್ರೆ ರಾಡು ನೆಟ್ಟಗಿರುತ್ತೆ. ಗಾಳೀಲಿ ಒದ್ದಾಡ್ತಿರೋನು ಇಂಜಿನ್ನು ನಿಲ್ಲಿಸ್ತಾನಾ?"

ಮಾತು ಓಬ್ರಾದ್‌ನ ಕಿವಿಗೆ ಬಿತ್ತು. ಮಾರನೆಯ ದಿನವೇ ಬಂದು, "ತೊಳೀರಿ, ಎಣ್ಣೆ ಹಾಕಿ, ಬಿಚ್ಚಿ, ಏನಾದ್ರೂ ಮಾಡ್ಕೊಳ್ಳಿ. ಆದ್ರೆ ಒಂದು ಮೊಳೇನೂ ಈ ಕೊಟ್ಟಿಗೆಯಿಂದ ಹೊರಗೆ ಹೋಗಕೂಡದು. ಸ್ಪ್ಲಿಟ್ ಬಂದರು ಕಚೇರಿಯಿಂದ ಇಂಜಿನಿಯರ್ ಬಂದು ನೋಡ್ತಾರೆ" ಎಂದು ಹೇಳಿ ಹೋದ.

ಅವನು ಹೋದ ಮೇಲೆ ಪೆರಿನಾ ಸ್ಪ್ಯಾನರ್ ಎತ್ತಿಕೊಂಡಳು. ಕೊಟ್ಟಿಗೆಯೊಳಗೆ ಹಗಲಲ್ಲೂ ಮಬ್ಬು. ನಾನು ದೀಪ ಹಿಡಿದೆ. ಹೊಟ್ಟೆಯ ಕಿಟಕಿಯ ಬೋಲ್ಟುಗಳು ಒಂದೊಂದಾಗಿ ಬಂದವು. ನನಗೆ ತಡೆಯಲಾಗಲಿಲ್ಲ.

"ಅತ್ತಿಗೆ, ನಿನಗೆ ಯಾವುದು ಬೇಕು? ಬಗ್ಗಿರೋದಾ, ನೆಟ್ಟಗಿರೋದಾ?"

"ಬಾಯಿ ಮುಚ್ಕೊಂಡು ದೀಪ ಹಿಡಿ."

ಅವಳು ತೋಳನ್ನು ಮೊಣಕೈವರೆಗೂ ಒಳಗೆ ತೂರಿಸಿದಳು. ಕಣ್ಣು ಮುಚ್ಚಿದ್ದಳು. ಬೆರಳು ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು, ಮತ್ತೆ ಮೇಲಕ್ಕೆ ಹೋಯಿತು.

"ನೆಟ್ಟಗಿದೆ" ಎಂದಳು.

ನಾನು ದೀಪ ಕೆಳಗಿಟ್ಟು ಅವಳನ್ನು ತಬ್ಬಿಕೊಂಡೆ. ನನ್ನಣ್ಣ ಬದುಕಿದ್ದಾನೆ! ಶಾಂತವಾಗಿದ್ದ ಕಡಲಿನಲ್ಲಿ ತಾನೇ ಇಂಜಿನ್ನು ನಿಲ್ಲಿಸಿ ಇಳಿದುಹೋಗಿದ್ದಾನೆ! ನಾನು ಅಳುತ್ತಲೂ ನಗುತ್ತಲೂ ಇದ್ದೆ. ಅವಳ ಮೈ ಮಾತ್ರ ಮರದ ಕೊರಡಿನ ಹಾಗೆ ಬಿಗಿದಿತ್ತು. ಎಣ್ಣೆ ಮೆತ್ತಿದ ತೋಳನ್ನು ದೂರ ಹಿಡಿದುಕೊಂಡು, "ಬಿಟ್ಟು ಹೋದ. ನನಗೊಂದು ಮಾತೂ ಹೇಳ್ದೆ ಬಿಟ್ಟು ಹೋದ" ಎಂದಳು.

ಆಮೇಲೆ ಅವಳು ಮೂಲೆಯ ಮರದ ದಿಮ್ಮಿಯ ಮೇಲೆ ಕೂತುಬಿಟ್ಟಳು. ಕುಜ್ಮಾ ಬಂದ. ಅವನ ಮುಖ ನೋಡಿದರೆ ತನ್ನ ಬಾಯಿಯನ್ನು ತಾನೇ ಹೊಲಿದುಕೊಳ್ಳಲು ಸಿದ್ಧನಿದ್ದಂತಿತ್ತು. ಜೈಲಿನಿಂದ ಬಿಡುಗಡೆಯಾಗಿ ಬಂದವನೊಬ್ಬ ಅಂದು ಬೆಳಿಗ್ಗೆ ಸುದ್ದಿ ತಂದಿದ್ದ. ಅಪ್ಪ ರಕ್ತ ಕಾರುತ್ತಿದ್ದಾನೆ, ಕಲ್ಲು ನೆಲದ ಮೇಲೆ ಮಲಗಿಸಿದ್ದಾರೆ.

"ಬಾರ್ಬಾ, ಇದನ್ನ ಬಗ್ಗಿಸ್ಬೇಕು" ಎಂದಳು ಪೆರಿನಾ.

"ಏನಂದೆ?"

"ಇಂಜಿನಿಯರ್ ಬರೋದ್ರೊಳಗೆ ರಾಡು ಬಗ್ಗಿರ್ಬೇಕು. ಅವನು ಮುಳುಗಿ ಸತ್ತ ಅಂತಾದ್ರೆ ಮಾವನ್ನ ಬಿಡ್ತಾರೆ."

"ಹುಚ್ಚು ಹಿಡೀತಾ ನಿನಗೆ? ಜೀವಮಾನವೆಲ್ಲ ಸೊಟ್ಟದ್ದನ್ನ ನೆಟ್ಟಗೆ ಮಾಡಿದೋನು ನಾನು. ಈ ರಾಡು ಹೋದ್ರೆ ಇಂಜಿನ್ನೇ ಹೋಯ್ತು. ಹೊಟ್ಟೆಗೇನು ಮಾಡ್ತೀಯ?"

"ಮೊದ್ಲು ಮುದುಕ ಬರ್ಲಿ. ಆಮೇಲೆ ಎಲ್ಲ ಸೇರಿ ಉಪವಾಸ ಇದ್ರಾಯ್ತು."

ಅವಳ ಮೇಲೆ ನಾನು ಕಿರುಚಾಡಿದೆ. ನನ್ನಣ್ಣನನ್ನು ಸತ್ತನೆಂದು ಬರೆಸಿದರೆ ಅವನು ಇನ್ನು ಯಾವತ್ತೂ ಊರಿಗೆ ಕಾಲಿಡುವಂತಿಲ್ಲ, ಕಾಗದ ಹಾಕುವಂತಿಲ್ಲ. ಹಾಕಿದರೆ ಸುಳ್ಳು ಹೊರಬಿದ್ದು ನಾವೆಲ್ಲ ಒಳಗೆ. "ನಿನ್ ಕೈಯಾರೆ ಅವನನ್ನ ಮುಳುಗಿಸ್ತಿದೀಯ" ಎಂದೆ.

"ಹೌದು. ನೀನು ನಿಮ್ಮಪ್ಪನ ಉಣ್ಣೆ ಅಂಗಿ ಹಿಡ್ಕೊಂಡು ದಡದಲ್ಲೇ ನಿಂತಿರು" ಎಂದಳು. ಆ ಮಾತು ನನ್ನ ಎದೆಗೆ ನಾಟಿತು. ಕೆಳಗಿಟ್ಟ ದೀಪ ಎತ್ತಿಕೊಂಡು ಅವಳ ಪಕ್ಕಕ್ಕೆ ಹೋದೆ.

ಭಾನುವಾರ ಬೆಳಿಗ್ಗೆ ಊರೆಲ್ಲ ಚರ್ಚಿನಲ್ಲಿತ್ತು. ಸಿಲಿಂಡರಿನ ತಲೆ ಬಿಚ್ಚಿ, ಪಿಸ್ಟನ್ನನ್ನು ಮೇಲಕ್ಕೆಳೆದು, ರಾಡನ್ನು ಕಳಚಿ, ಆಲಿವ್ ಕಾಯಿಗಳ ಬುಟ್ಟಿಯೊಳಗೆ ಹುದುಗಿಸಿ ತಿರುಪಿನಿಂದ ಒತ್ತಿ ಎಣ್ಣೆ ಹಿಂಡುವ ಗಾಣಕ್ಕೆ ಒಯ್ದೆವು. ಬಿಸಿ ಮಾಡಿದರೆ ಕಬ್ಬಿಣದ ಬಣ್ಣ ಕೆಡುತ್ತದೆ, ಸುತ್ತಿಗೆ ಹೊಡೆದರೆ ಕಲೆ ಉಳಿಯುತ್ತದೆ. ಅದಕ್ಕೆ ಕುಜ್ಮಾ ರಾಡಿನ ಎರಡು ತುದಿಗೂ ನಡುವಿಗೂ ಓಕ್ ಮರದ ತುಂಡು ಕೊಟ್ಟು ಗಾಣದ ತಿರುಪಿನ ಕೆಳಗೆ ಇಟ್ಟ. ಯಾವ ಕಡೆಗೆ ಬಗ್ಗಬೇಕೆಂದು ಸೀಮೆಸುಣ್ಣದಿಂದ ಗೆರೆ ಎಳೆದ. ತಿರುಪಿನ ಉದ್ದನೆಯ ಸನ್ನೆಗೋಲನ್ನು ಹಿಡಿದವನು ನೂಕಲಾರದೆ ಮತ್ತೆ ಬಿಟ್ಟ.

"ಸರೀರಿ ಬಾರ್ಬಾ" ಎಂದಳು ಪೆರಿನಾ.

ಅವಳು ಎದೆಯನ್ನು ಕೋಲಿಗೆ ಒತ್ತಿ ನೂಕಿದಳು. ಮೊದಲು ಏನೂ ಆಗಲಿಲ್ಲ. ಗಾಣದ ಮರ ನರಳಿತು. ಮತ್ತೆ ನೂಕಿದಳು. ಗಂಡನ ದೋಣಿಗೆಂದು ಹ್ಯಾಂಡಲ್ ತಿರುಗಿಸಿದ್ದ ಆ ತೋಳುಗಳ ನರ ಹಗ್ಗದ ಹಾಗೆ ಉಬ್ಬಿ ನಿಂತವು. ಚರ್ಚಿನಿಂದ ಹಾಡು ಕೇಳಿಸುತ್ತಿತ್ತು. ಹಾಡು ಮುಗಿಯುವುದರೊಳಗೆ ಮುಗಿಸಬೇಕಿತ್ತು. "ಬಗ್ಗೋ ಮುಂಡೇದೇ, ಬಗ್ಗು" ಎಂದು ಅವಳು ಹಲ್ಲು ಕಚ್ಚಿ ಹೇಳುತ್ತಿದ್ದಳು. ರಾಡಿಗೋ, ಲುಕ್ಷಾಗೋ, ನಾನು ಕೇಳಲಿಲ್ಲ. ಒಮ್ಮೆಲೇ ಕೋಲು ಸಲೀಸಾಗಿ ಸರಿಯಿತು. ಅವಳು ಮುಗ್ಗರಿಸಿದಳು. ಕುಜ್ಮಾ ರಾಡನ್ನು ಎತ್ತಿ ಬೆಳಕಿಗೆ ಹಿಡಿದು ಶಿಲುಬೆಯ ಗುರುತು ಮಾಡಿಕೊಂಡ. ಅಂದೇ ಅದನ್ನು ಮತ್ತೆ ಇಂಜಿನ್ನಿನೊಳಗೆ ಕೂರಿಸಿದೆವು.

ಇಂಜಿನಿಯರ್ ಮಾರ್ಗೆಟಿಚ್ ಬಂದದ್ದು ಆ ವಾರವೇ. ತೆಳ್ಳನೆಯ, ಕೆಮ್ಮುವ ಮನುಷ್ಯ. ಓಬ್ರಾದ್ ಬಾಗಿಲಲ್ಲಿ ನಿಂತ. ಇಂಜಿನಿಯರು ಕೋಟು ಕಳಚಿ, ತೋಳು ಮಡಿಸಿ, ತಾನೇ ರಾಡನ್ನು ಹೊರತೆಗೆದ. ಬಾಗನ್ನು ನೋಡಿದ, ತಲೆಯಾಡಿಸಿದ. ಆಮೇಲೆ ರಾಡಿನ ಬುಡದ ಬೇರಿಂಗನ್ನು ತಿರುಗಿಸಿ ನೋಡಿದ. ಅದರ ಒಳಗಿನ ಬಿಳಿ ಲೋಹ ಮೇಣದಷ್ಟು ಮೆದು. ರಾಡನ್ನು ಬಗ್ಗಿಸುವಂಥ ಏಟು ಬಿದ್ದರೆ ಅದು ಜಜ್ಜಿಹೋಗಬೇಕು, ಇಲ್ಲವೇ ಬಿರಿಯಬೇಕು. ಅಲ್ಲಿ ಉಗುರಿನ ಗೀರಷ್ಟೂ ಇರಲಿಲ್ಲ. ಕುಜ್ಮಾನಿಗೆ ಅದು ಹೊಳೆದೇ ಇರಲಿಲ್ಲ.

ಇಂಜಿನಿಯರು ಹೆಬ್ಬೆರಳಿನಿಂದ ಆ ಲೋಹವನ್ನು ನಿಧಾನಕ್ಕೆ ಸವರಿದ. ತಲೆಯೆತ್ತದೆ ಕೇಳಿದ: "ಇದನ್ನ ಬಿಚ್ಚಿದ್ದು ಯಾರು?"

"ನಾನೇ" ಎಂದಳು ಪೆರಿನಾ.

"ಜೊತೆಗೆ ಯಾರಿದ್ರು?"

"ಯಾರೂ ಇರ್ಲಿಲ್ಲ."

"ನಿಮ್ಮನೇಲಿ ಯಾರ್ಯಾರಿದ್ದಾರೆ?"

"ಅತ್ತೆ, ನಾದಿನಿ, ಮಗಳು. ಮಾವ ನಿಮ್ಮೂರಿನ ಜೈಲಲ್ಲಿದಾರೆ. ರಕ್ತ ಕಾರ್ತಿದಾರಂತೆ."

ಅವನು ಕರವಸ್ತ್ರ ತೆಗೆದು ಬಹಳ ಹೊತ್ತು ಕೆಮ್ಮಿದ. ಆಮೇಲೆ ಬೇರಿಂಗನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ತನ್ನ ಕೈಯಾರೆ, ಬಿಚ್ಚಿದ ಭಾಗಗಳಿದ್ದ ಪೆಟ್ಟಿಗೆಯ ತಳಕ್ಕೆ ಹಾಕಿ, ಓಬ್ರಾದ್ ಕಡೆ ತಿರುಗಿದ. "ಓಡ್ತಾ ಇರುವಾಗಲೇ ನೀರು ನುಗ್ಗಿದೆ. ಅನುಮಾನಕ್ಕೆ ಜಾಗ ಇಲ್ಲ. ಪಾಪ, ಕೊನೇ ಗಳಿಗೆವರೆಗೂ ಹೋರಾಡಿದಾನೆ."

ಹೊರಡುವಾಗ ಅವನು ಪೆರಿನಾಳ ಮುಂದೆ ಒಂದು ಕ್ಷಣ ನಿಂತು, "ದುಃಖ ಆಯ್ತಮ್ಮ" ಎಂದ. ಅವಳು ಆಗ ಅತ್ತಳು. ದೋಣಿ ಸಿಕ್ಕ ದಿನದಿಂದ ಅವಳು ಅತ್ತದ್ದು ಅದೇ ಮೊದಲು. ಓಬ್ರಾದ್ ಮುಖ ತಿರುಗಿಸಿ ಹೊರಗೆ ಹೋದ.

ಅಪ್ಪ ಬಂದ. ಹೋದ ಅಪ್ಪನ ಅರ್ಧ ಬಂದ ಎನ್ನಬೇಕು. ಖಾಲಿ ಗೋರಿಯ ಮೇಲೆ ಲುಕ್ಷಾನ ಹೆಸರು ಕೆತ್ತಿಸಿ ಪ್ರಾರ್ಥನೆ ಮಾಡಿಸಿದರು. ನಾನು ಹೋಗಲಿಲ್ಲ. ಕಪ್ಪು ಬಟ್ಟೆಯನ್ನೂ ಉಡಲಿಲ್ಲ. ನಾನು ಕೆಲಸಕ್ಕಿದ್ದ ಸಾರ್ಡೀನು ಮೀನಿನ ಕಾರ್ಖಾನೆಯ ಹೆಂಗಸರೆಲ್ಲ ನನ್ನನ್ನು ಕಲ್ಲೆದೆಯವಳೆಂದರು. ಅದೇ ಚಳಿಗಾಲದಲ್ಲಿ ನಾನು ಮದುವೆಯಾಗಿ ಬಂದರಿನ ಆಚೆ ಬದಿಗೆ ಹೋದೆ. ಪೆರಿನಾಳ ಜೊತೆ ಮಾತು ಬಿಟ್ಟೆ. ಅಪ್ಪ ಇದ್ದಷ್ಟು ಕಾಲ ಮನೆಗೆ ಹೋಗುತ್ತಿದ್ದೆ, ಅವಳ ಕೈಯ ಊಟ ಉಣ್ಣುತ್ತಿದ್ದೆ, ಅವಳ ಮುಖ ನೋಡುತ್ತಿರಲಿಲ್ಲ.

ಆ ಚಳಿಗಾಲ ಅವರು ಹೇಗೆ ಕಳೆದರೋ. ಬೀಟ್ ಸೊಪ್ಪು ಬೇಯಿಸಿಕೊಂಡು ತಿಂದದ್ದೇ ಹೆಚ್ಚು. ಹೊಸ ರಾಡು ಎಲ್ಲೂ ಸಿಗಲಿಲ್ಲ. ಕೊನೆಗೆ ಕುಜ್ಮಾ, ಬಗ್ಗಿಸಿದ್ದ ಅದೇ ರಾಡನ್ನು ಕೆಂಪಗೆ ಕಾಯಿಸಿ, ನೂಲು ಹಿಡಿದು ನೋಡುತ್ತಾ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ನೆಟ್ಟಗೆ ಮಾಡಿ ಬೂದಿಯಲ್ಲಿ ಹೂತು ಆರಲು ಬಿಟ್ಟ. ನೆಟ್ಟಗಾದ ರಾಡಿಗೆ ಹಳೇದು ಹೊಂದದೆ, ಬೇರಿಂಗಿಗೆ ಬಿಳಿ ಲೋಹ ಹೊಸದಾಗಿ ಕರಗಿಸಿ ಹೊಯ್ದ. ಅದನ್ನು ಪೆರಿನಾ ನೀಲಿ ಬಣ್ಣ ಸವರಿ, ತಿರುಗಿಸಿ, ಬಣ್ಣ ಹತ್ತಿದ ಕಡೆ ಕೆರೆದು, ಮತ್ತೆ ಸವರಿ, ಎಲ್ಲ ಕಡೆ ಸಮನಾಗಿ ಕೂರುವವರೆಗೂ ಬಿಡಲಿಲ್ಲ. ಉಪ್ಪು ತಿಂದ ವಾಲ್ವುಗಳನ್ನು ಅರೆದು ಕೂರಿಸಿದಳು. ದೋಣಿಯ ಒಡೆದ ಹಿಂಭಾಗಕ್ಕೆ ಹೊಸ ಹಲಗೆ ಬಡಿದಳು. ಈಸ್ಟರ್ ಹೊತ್ತಿಗೆ ಇಂಜಿನ್ನು ಎದ್ದಿತು. ಬಂದರಿನ ಆಚೆ ಬದಿಯಲ್ಲಿ ಬಟ್ಟೆ ಒಗೆಯುತ್ತಿದ್ದ ನನಗೆ ಆ ದುಬ್ ದುಬ್ ಕೇಳಿಸಿತು. ಒಗೆಯುತ್ತಿದ್ದ ಕೈ ನಿಂತಿತು. ಅಣ್ಣನೇ ಬರುತ್ತಿದ್ದಾನೆ ಅನ್ನಿಸಿತು. ಬಂದದ್ದು ಚುಕ್ಕಾಣಿ ಹಿಡಿದ ಪೆರಿನಾ, ಅವಳ ಪಕ್ಕದಲ್ಲಿ ನೆವೆಂಕಾ.

ಒಮ್ಮೆ ಬಗ್ಗಿದ ಕಬ್ಬಿಣವನ್ನು ನಂಬಬಾರದೆಂದು ಕುಜ್ಮಾ ಎಚ್ಚರಿಸಿದ್ದ. ಅದಕ್ಕೇ ಅವಳು ಇಂಜಿನ್ನನ್ನು ಎಂದೂ ಜೋರಾಗಿ ಓಡಿಸಲಿಲ್ಲ. ಗಾಳಿ ಬೆನ್ನಟ್ಟಿ ಬಂದರೂ ಅರ್ಧ ವೇಗವೇ. ಎರಡು ಸಲ ಅಲೆಯ ಬಾಯಿಂದ ಕೂದಲೆಳೆಯಲ್ಲಿ ಪಾರಾದಳು. ಲುಕ್ಷಾನಿಂದ ಒಂದು ಸಾಲು ಬರಲಿಲ್ಲ. ಬರಬಾರದೆಂದು ಮಾಡಿದವಳೇ ಅವಳು. ಆದರೂ ಅಂಚೆಯ ಹಡಗು ಬಂದಾಗೆಲ್ಲ ಬಲೆ ಒಣಗಿಸುವ ನೆಪದಲ್ಲಿ ದಡದಲ್ಲಿ ನಿಂತಿರುತ್ತಿದ್ದಳೆಂದು ಜನ ಹೇಳುತ್ತಿದ್ದರು. ಅಪ್ಪ ಹೋದ, ಅಮ್ಮ ಹೋದಳು, ಕುಜ್ಮಾ ಹೋದ.

1966ರ ಬೇಸಿಗೆಯಲ್ಲಿ, ಓಡಿಹೋದವರು ಬಂದುಹೋಗಲು ಸರ್ಕಾರ ಬಿಟ್ಟಾಗ, ನಮ್ಮೂರ ಬೆನೆ ಆಸ್ಟ್ರೇಲಿಯಾದಿಂದ ಬಂದ. ಚಿನ್ನದ ಹಲ್ಲು, ಬಿಳೀ ಷೂಸು. ಅವನು ನೇರ ಪೆರಿನಾಳ ಮನೆಗೆ ಹೋದನಂತೆ. ಅಂದು ಸಂಜೆ ಅವಳು ನನ್ನ ಬಾಗಿಲಿಗೆ ಬಂದಳು. ಅದುವರೆಗೆ ಅವಳು ನನ್ನ ಹೊಸಿಲು ತುಳಿದಿರಲಿಲ್ಲ.

"ನಿಮ್ಮಣ್ಣ ಸತ್ತ, ಯೆಲ್ಕಾ. ಎಂಟು ವರ್ಷದ ಹಿಂದೆ. ಆಸ್ಟ್ರೇಲಿಯಾದಲ್ಲಿ, ಚಿನ್ನದ ಗಣಿ ಕುಸಿದು."

ನಾನು ಕುರ್ಚಿ ಎಳೆದು ಕೊಟ್ಟೆ. ಅವಳು ಕೂರಲಿಲ್ಲ. ಗೋಡೆಗೆ ಒರಗಿ ನಿಂತೇ ಹೇಳಿದಳು. ಊರಿನವರಲ್ಲಿ ಯಾರ್ಯಾರು ಓಡಿಹೋಗಲಿದ್ದಾರೆಂದು ತಮಗೆ ಹೇಳಬೇಕೆಂದು ಪೊಲೀಸರು ಲುಕ್ಷಾನ ಬೆನ್ನು ಹತ್ತಿದ್ದರಂತೆ. ಅವನಿಗೆ ಅದು ಆಗದ ಕೆಲಸ. ನಡುಗಡಲಿನಲ್ಲಿ ಇಟಲಿಯವರ ಹಡಗು ಸಿಕ್ಕಿತು. ಹತ್ತುವ ಮುಂಚೆ ತಾನೇ ಇಂಜಿನ್ನು ನಿಲ್ಲಿಸಿ, ನೀರು ನುಗ್ಗದಂತೆ ಎಲ್ಲ ಮುಚ್ಚಿ, ಕ್ಯಾನ್‌ವಾಸು ಬಿಗಿದು ಕಟ್ಟಿ, ಸೆಳೆತ ದ್ವೀಪದ ಕಡೆಗೇ ಇದೆ ಎಂದು ನೋಡಿಕೊಂಡು ದೋಣಿ ಬಿಟ್ಟನಂತೆ. ದೋಣಿ ಹೆಂಡತಿಯ ಕೈ ಸೇರಿದರೆ ಮನೆಗೆ ಊಟ ಇರುತ್ತದೆಂದು. ಗಾಳಿ ಏಳುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ಒಂದು ಕಾಗದ?" ಎಂದೆ.

"ಅವನನ್ನ ಮುಳುಗಿ ಸತ್ತ ಅಂತ ಬರ್ಕೊಂಡ್ರು, ಅಪ್ಪನ್ನ ಬಿಟ್ರು ಅಂತ ಯಾರೋ ಅಲ್ಲಿಗೆ ಹೋದೋರು ಹೇಳಿದ್ರಂತೆ. 'ಪೆರಿನಾ ಏನೋ ಮಾಡಿದಾಳೆ. ನಾನೀಗ ಬರೆದ್ರೆ ಅವಳನ್ನ ಕೊಂದ ಹಾಗೆ' ಅಂದ್ನಂತೆ. ಅದಕ್ಕೇ ಬರೀಲಿಲ್ಲ." ಅವಳ ದನಿ ಒಮ್ಮೆಲೇ ಏರಿತು. "ಊರಿಂದ ಯಾರು ಹೋದ್ರೂ ಏನ್ ಕೇಳ್ತಿದ್ದ ಗೊತ್ತಾ? 'ನಮ್ ಇಂಜಿನ್ನು ಓಡ್ತಿದೆಯಾ?' ಅಂತ! ಮಗಳನ್ನ ಕೇಳ್ಲಿಲ್ಲ, ನನ್ನ ಕೇಳ್ಲಿಲ್ಲ. ಬೆನೆ ಮೇಲೆ ಕೂಗಾಡಿಬಿಟ್ಟೆ. ಇಂಜಿನ್ನು ಕೇಳ್ದ್ನಾ ಆ ಬಡ್ಡೀಮಗ ಅಂತ."

"ಬೆನೆ ಏನಂದ?"

"ಸತ್ತೋನು ಹೆಂಡ್ತಿ ಮಕ್ಕಳನ್ನ ಕೇಳೋಕಾಗುತ್ತಾ ಪೆರಿನಾ, ಅಂದ. ಇಂಜಿನ್ನು ಓಡ್ತಿದೆ, ಅವ್ಳೇ ಓಡಿಸ್ತಾಳೆ ಅಂತ ಹೇಳಿದ್ರೆ ಒಂದು ಗ್ಲಾಸು ಕುಡಿದು ಮಲಗ್ತಿದ್ನಂತೆ."

ಅವಳು ಗೋಡೆಗೆ ಒರಗಿದ ಹಾಗೇ ನೆಲಕ್ಕೆ ಜಾರಿ ಕೂತಳು. ನಾನೂ ಪಕ್ಕದಲ್ಲಿ ಕೂತೆ. ಅವಳು ಇಷ್ಟು ವರ್ಷ ಅವನನ್ನು ಶಪಿಸಿದ್ದಳು, ನಾನು ಅವಳನ್ನು. ಅವನು ಅಲ್ಲಿ ಮಣ್ಣಿನಡಿ ಇದ್ದ.

ಗೋರಿಯ ಕಲ್ಲಿನ ಮೇಲಿನ ವರ್ಷ ತಪ್ಪು. ಸರಿಪಡಿಸೋಣವೆಂದು ನಾನು ಹೇಳಿದೆ. ಪೆರಿನಾ ಒಪ್ಪಲಿಲ್ಲ. ಸ್ಪ್ಲಿಟ್‌ನಲ್ಲಿ ಆ ಇಂಜಿನಿಯರು ಇನ್ನೂ ಬದುಕಿದ್ದ. ಕಲ್ಲು ಬದಲಾದರೆ ಜನ ವರದಿಯ ಮೇಲಿನ ಅವನ ಸಹಿಯನ್ನು ಹುಡುಕುತ್ತಾರೆ ಎಂದಳು. ಪಾದ್ರಿಗೆ ಮಾತ್ರ ಕಿವಿಯಲ್ಲಿ ಹೇಳಿದಳು. ಬದುಕಿದ್ದವನ ಹೆಸರಲ್ಲಿ ಮಾಡಿಸಿದ ಪ್ರಾರ್ಥನೆಗಳೆಲ್ಲ ಏನಾದವು ಎಂದು ಕೇಳಿದಳಂತೆ. "ಅವೆಲ್ಲ ಅವನ ಲೆಕ್ಕದಲ್ಲೇ ಇರುತ್ವೆ, ಹೆದರ್ಬೇಡ" ಎಂದರಂತೆ ಪಾದ್ರಿ.

ಸುದ್ದಿ ತಂದ ಆ ರಾತ್ರಿ ಅವಳು ನನ್ನ ಮನೆಯಲ್ಲೇ ಮಲಗಿದ್ದಳು. ನಿದ್ದೆ ಮಾಡಿದಳೋ ಇಲ್ಲವೋ. ಬೆಳಗಾಗುತ್ತಲೇ ಎದ್ದು ತಲೆವಸ್ತ್ರ ಕಟ್ಟಿಕೊಂಡಳು. ಸಿಗಡಿಯ ಬುಟ್ಟಿಗಳನ್ನು ಹಿಂದಿನ ದಿನವೇ ನೀರಿಗೆ ಬಿಟ್ಟಿದ್ದಳು, ಎತ್ತಬೇಕಿತ್ತು. ನೆವೆಂಕಾ ಸ್ಪ್ಲಿಟ್‌ನಲ್ಲಿ ಓದುತ್ತಿದ್ದಳು, ದೋಣಿಗೆ ಇನ್ನೊಬ್ಬರಿರಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆ ಬಂದರಿಗೆ ನಡೆದೆ.

"ನಿನಗೆ ಕಡಲಲ್ಲಿ ವಾಂತಿ ಬರುತ್ತೆ" ಎಂದಳು.

"ಬಂದ್ರೆ ಬರ್ಲಿ" ಎಂದೆ.